ಮಚ್ಛೇಂದ್ರನ ಮೂರನೇ ಸಾಲು

ಸಂತಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಹುಣಸೆಮರದ ಕೆಳಗೆ, ದಿನಾ ಮುಂಜಾನೆ ಹತ್ತಕ್ಕೆ ಓದು ನಡೆಯುತ್ತಿತ್ತು. ಓದುವವಳು ಅಂಗನವಾಡಿಯ ಅನುಸೂಯಾಬಾಯಿ. ಓದುತ್ತಿದ್ದುದು ಪುರಾಣವಲ್ಲ, ಮೊಬೈಲಿನೊಳಗಿನ ‘ಮಾಂಜರಾ ಮಾತುಕಟ್ಟೆ’.

ಬೀದರಿನ ಚಿದ್ರಿ ಬಡಾವಣೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಶಿವರಾಜಪ್ಪನವರು ಕಟ್ಟಿದ ಜಾಲತಾಣ ಅದು. ಹೆಸರು ನೋಂದಾಯಿಸಿದ ಯಾರು ಬೇಕಾದರೂ ಅಲ್ಲಿ ತಮ್ಮ ಮಾತು ಬರೆಯಬಹುದು, ಬರೆದದ್ದರ ಕೆಳಗೆ ಅವರ ಹೆಸರು ತಾನೇ ಬಂದು ಕೂರುತ್ತಿತ್ತು. ಮಳೆ ಮೋರೆ ತಿರುವಿ ಎರಡನೆಯ ವರ್ಷ. ಔರಾದ ಸೀಮೆಯ ಅರ್ಧ ಜನ ಹೈದರಾಬಾದಿಗೋ ಪುಣೆಗೋ ಗಂಟು ಕಟ್ಟಿದ್ದರು. ಕುರಿ ಇದ್ದವರು ಕುರಿ ಹೊಡೆದುಕೊಂಡು ನೀರಿನ ಸುದ್ದಿ ಬಂದ ದಿಕ್ಕಿಗೆ ನಡೆದಿದ್ದರು. ಯಾವ ಊರಲ್ಲಿ ಬೋರು ಇನ್ನೂ ಉಸಿರಾಡುತ್ತದೆ, ಯಾವ ಹಳ್ಳದಲ್ಲಿ ಒರತೆ ಇದೆ, ಯಾವ ಹೊಲದವರು ಕುರಿ ಕಂಡರೆ ಕಲ್ಲು ಬೀಸುತ್ತಾರೆ, ಎಲ್ಲ ಮಾತುಕಟ್ಟೆಗೆ ಬರುತ್ತಿತ್ತು. ಅಕ್ಷರ ಬಲ್ಲವರು ಓದಿಕೊಳ್ಳುತ್ತಿದ್ದರು. ಬಾರದವರು ಹೋದ ಹೋದ ಊರಲ್ಲಿ ಒಬ್ಬ ಓದುವವರನ್ನು ಹುಡುಕಿ, ಎದುರಿಗೆ ಕೂತು ಕೇಳುತ್ತಿದ್ದರು.

ಅನುಸೂಯಾಬಾಯಿಯ ಓದಿಗೆ ಒಂದು ರೀತಿ ಇತ್ತು. ಮೊದಲು ಬರೆದವರ ಹೆಸರು, ಆಮೇಲೆ ಮಾತು, ಕೊನೆಗೆ ಮತ್ತೆ ಹೆಸರು. ಕೊನೆಯ ಹೆಸರಿಗೆ ಬಂದಾಗ ಅವಳ ಬಲಗೈ ತಾನಾಗಿ ಎದೆಗೆ ಹೋಗುತ್ತಿತ್ತು. ಅದು ಪಂಢರಿ ಎಂಬ ಹೆಸರಿನ ಅಪ್ಪನಿಂದ ಬಂದ ರೂಢಿ. ಪಂಢರಿ ಹಾಡಿನ ಮನುಷ್ಯ. ನೂರಾರು ತತ್ವಪದಗಳು ಬಾಯಿಯಲ್ಲಿದ್ದವು, ಕಾಗದದಲ್ಲಿ ಒಂದೂ ಇರಲಿಲ್ಲ. ಪ್ರತಿ ಪದದ ತುದಿಗೂ ಕಟ್ಟಿದವರ ಹೆಸರು ಬರುತ್ತಿತ್ತು, ಹೆಸರು ಬಂದಲ್ಲಿ ಅವನು ತಾಳ ಇಟ್ಟು ಕೈ ಮುಗಿಯುತ್ತಿದ್ದ. ಹಾಡುತ್ತ ಹಾಡುತ್ತ ಒಂದು ಸಾಲು ಮರೆತರೆ ತನ್ನದೊಂದು ಸಾಲು ಹಾಕಿ ದಾಟುತ್ತಿರಲಿಲ್ಲ. ತಾಳ ಮಾತ್ರ ಬಡಿಯುತ್ತ ಆ ಸಾಲಿನ ಜಾಗ ಖಾಲಿ ಬಿಡುತ್ತಿದ್ದ. ಕೂತವರೂ ಸುಮ್ಮನೆ ಕೂತಿರುತ್ತಿದ್ದರು. “ಹೆಸರ ಅವರದು, ಮಾತ ನಂದು ಅಂದ್ರ ಅದು ಕಳವು, ಅವ್ವಾ,” ಎನ್ನುತ್ತಿದ್ದ ಮಗಳಿಗೆ.

ಹಾಗಾಗಿ ಅನುಸೂಯಾಬಾಯಿಯ ನೆನಪು ಕಿವಿಯ ನೆನಪು. ಒಮ್ಮೆ ಕಿವಿಗೆ ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು. ಕಣ್ಣಿಂದ ಕಂಡು ಕಿವಿಗೆ ಬೀಳದ್ದು ಮರುಗಳಿಗೆಗೆ ಆರಿಹೋಗುತ್ತಿತ್ತು.

ಆ ಸೋಮವಾರ ಓದಿನಲ್ಲಿ ಮಚ್ಛೇಂದ್ರನ ಮಾತು ಬಂತು. ಮಚ್ಛೇಂದ್ರ ಔರಾದ ಕಡೆಯ ಕುರಿಗಾರ, ಹತ್ತನೇ ಇಯತ್ತೆ ಓದಿದವ, ಹದಿನೈದು ದಿನದ ಹಿಂದೆ ಭಾಲ್ಕಿಯ ದಾರಿ ಹಿಡಿದಿದ್ದ.

“ಮಚ್ಛೇಂದ್ರ ಬರದಾನ,” ಎಂದು ಅನುಸೂಯಾಬಾಯಿ ಶುರು ಮಾಡಿದಳು. “ಭಾಲ್ಕಿ ಕಡಿ ಹೊಂಟ ಕುರಿಯವರಿಗೆ. ಜೋಡ ಗಣಿಯಾಗ ನೀರ ನಿಂತದ. ನೀರ ನೋಡ್ಲಾಕ ಕನ್ನಡಿ ಹಂಗ ಅದ, ಖರೆ ಅದರ ಮ್ಯಾಲ ಹಕ್ಕಿ ಕುಂಡ್ರಂಗಿಲ್ಲ...”

ಮೂರನೆಯ ಸಾಲಿಗೆ ಬಾಯಿ ತೆರೆದಳೋ ಇಲ್ಲವೋ, ರಸ್ತೆಯ ತಿರುವಿನಲ್ಲಿ ನೀರಿನ ಟ್ಯಾಂಕರು ಹಾರ್ನು ಹೊಡೆಯಿತು. ಡ್ರೈವರನ ಕೈ ಹಾರ್ನಿನ ಮೇಲಿಂದ ಏಳಲಿಲ್ಲ. ಕೂತ ಹೆಂಗಸರೆಲ್ಲ ಕೊಡ ಹಿಡಿದು ಓಡಿದರು. ಅನುಸೂಯಾಬಾಯಿ ನಡುವೆ ನಿಲ್ಲಿಸುವವಳಲ್ಲ. ಆ ಸದ್ದಿನೊಳಗೇ ಮೂರನೆಯ ಸಾಲು ಓದಿದಳು, ತನ್ನ ಮಾತು ತನಗೇ ಕೇಳಲಿಲ್ಲ. ಹಾರ್ನು ನಿಂತಾಗ ಮರದ ಕೆಳಗಿನ ಖಾಲಿ ಕಟ್ಟೆಗೆ ಉಳಿದದ್ದು ಓದಿದಳು. “ನನ್ನವು ಹನ್ನೊಂದು ಹೋದವು. ಯಾರೂ ಆ ಕಡಿ ಕುರಿ ಹೊಡೀಬ್ಯಾಡ್ರಿ. ಮಚ್ಛೇಂದ್ರ.” ಕೈ ಎದೆಗೆ ಹೋಯಿತು.

ಅವಳಿಗೆ ಆಗ ಅಂಜಿಕೆಯೇನೂ ಆಗಲಿಲ್ಲ. ತಮ್ಮ ನರಸಿಂಗ ಹೆಂಡತಿ ಸತ್ಯಮ್ಮನನ್ನೂ ಅರವತ್ತು ಕುರಿಗಳನ್ನೂ ಕರೆದುಕೊಂಡು ತೆಲಂಗಾಣದ ಗಡಿಯ ಕಡೆಗೆ ಹೋಗಿದ್ದ. ಜೋಡ ಗಣಿ ಎಂಬ ಎರಡು ಗಣಿಹೊಂಡಗಳಿದ್ದ ಭಾಲ್ಕಿ ಅವನ ದಾರಿಯಲ್ಲ.

ಬುಧವಾರ ಸುಭದ್ರಾಬಾಯಿ ಎಲ್ಲರಿಗಿಂತ ಮುಂಚೆ ಬಂದು ಮರದ ಬುಡಕ್ಕೆ ಬೆನ್ನು ಕೊಟ್ಟಳು. ಎಪ್ಪತ್ತರ ಮುದುಕಿ; ಮಗ ದತ್ತಾತ್ರಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಎಂಟು ತಿಂಗಳಾಗಿತ್ತು.

“ಮೊದ್ಲು ನನ್ನ ಮಗಂದು ಓದು. ಆಮ್ಯಾಲ ಊರಂದು.”

“ಇವತ್ತು ದತ್ತಾತ್ರಿ ಬರದಿಲ್ಲ ಆಯಿ. ಹೋದ ವಾರ ಬರದಿದ್ದನಲ್ಲ, ಆರಾಮದೀನಿ, ಊಟ ಛಲೋ ಅದ ಅಂತ.”

“ಅದನ್ನ ಮತ್ತ ಓದು. ಊಟ ಅಂದ್ರ ನನ್ನ ಹೊಟ್ಟಿ ತುಂಬ್ತದ. ಆಮ್ಯಾಲ ಆ ಕುರಿಯವಂದು ಓದು, ಸೋಮವಾರ ಅರ್ಧಕ್ಕ ಓಡೀನಿ.”

ಅನುಸೂಯಾಬಾಯಿ ಮಚ್ಛೇಂದ್ರನ ಮಾತು ತೆಗೆದಳು. “ಭಾಲ್ಕಿ ಕಡಿ ಹೊಂಟ ಕುರಿಯವರಿಗೆ. ಜೋಡ ಗಣಿಯಾಗ ನೀರ ನಿಂತದ. ನೀರ ನೋಡ್ಲಾಕ ಕನ್ನಡಿ ಹಂಗ ಅದ. ಕುರಿ ಹೊಡೆಯುವ ಮುಂಚೆ ಗಣಿಯ ಮಾಲಕರನ್ನು ಕೇಳಿರಿ. ಮಚ್ಛೇಂದ್ರ.”

ಕೈ ಎದೆಯವರೆಗೆ ಹೋಗಿ ನಡುವೆ ನಿಂತಿತು.

ಮತ್ತೊಮ್ಮೆ ಓದಿದಳು. ಹಕ್ಕಿ ಇರಲಿಲ್ಲ. ಹನ್ನೊಂದು ಕುರಿ ಇರಲಿಲ್ಲ. ಸೋಮವಾರದ ತಾರೀಖು ಹಾಗೇ ಇತ್ತು, ಹೆಸರು ಹಾಗೇ ಇತ್ತು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಗುರುತೂ ಇರಲಿಲ್ಲ.

“ಸೋಮವಾರ ಹಿಂಗಿತ್ತೇನವಾ?” ಎಂದು ಸುತ್ತ ಕೂತವರನ್ನು ಕೇಳಿದಳು. ಒಬ್ಬರ ಮೋರೆ ಒಬ್ಬರು ನೋಡಿದರು.

“ನಂಗ ಎಷ್ಟ್ ಕೊಡ ತುಂಬಿದೆ ಅಂಬೂದು ನೆನಪದ ನೋಡು,” ಎಂದಳು ಸುಭದ್ರಾಬಾಯಿ. “ಮಾತ ನೆನಪಿಲ್ಲ.”

“ಹನ್ನೊಂದು ಕುರಿ ಸತ್ತಾವ ಅಂತ ಬರದಿದ್ದ.”

“ನೀನs ಕನಸ ಕಂಡೀಯೇನು ಬಾಯಿ? ಬಿಸಲ ಭಾಳ ಆಗ್ಯದ, ತಲಿಗೆ ಸೆರಗ ಹಾಕ್ಕೋ.”

ಎಲ್ಲರೂ ನಕ್ಕರು. ಅನುಸೂಯಾಬಾಯಿಯೂ ನಕ್ಕಳು, ಆದರೆ ನಗುವಾಗ ಒಂದು ವಿಚಿತ್ರ ಸಂಶಯ ಅವಳ ಕಿವಿಯೊಳಗೇ ಹುಟ್ಟಿತು. ನಲವತ್ತು ವರ್ಷ ಅವಳಿಗೆ ಒಮ್ಮೆಯೂ ಮೋಸ ಮಾಡದ ಕಿವಿ. ಮಚ್ಛೇಂದ್ರನಿಗೆ ಫೋನು ಹಚ್ಚಿದಳು. ಬಂದ್ ಇತ್ತು. ಅಡವಿಯಲ್ಲಿದ್ದವನಿಗೆ ಚಾರ್ಜು ಎಲ್ಲಿಂದ ಬರಬೇಕು.

ಮಧ್ಯಾಹ್ನ ಕೂತು ಅವನ ಮಾತಿನ ಕೆಳಗೆ ತನ್ನ ಹೆಸರಿನಲ್ಲಿ ಬರೆದಳು. “ಸೋಮವಾರ ನಾ ಓದಿದ್ದು ಇದಲ್ಲ. ಮಚ್ಛೇಂದ್ರನ ಹನ್ನೊಂದು ಕುರಿ ಹೋಗ್ಯಾವ. ಅವನ ಮಾತ ಯಾರೋ ಬದಲ ಮಾಡ್ಯಾರ, ಜೋಡ ಗಣಿಗೆ ಹೋಗಬ್ಯಾಡ್ರಿ.” ಬರೆದು ಮುಗಿಸಿದ ಮೇಲೆ ಒಮ್ಮೆ ಬಾಯಿಬಿಟ್ಟು ಓದಿಕೊಂಡಳು. ಸಂಜೆಗೆ ಕರೆಂಟು ಹೋಯಿತು, ಮೊಬೈಲಿನ ಟವರೂ ಅದರೊಂದಿಗೆ ಸತ್ತಿತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಸತ್ಯಮ್ಮ.

“ಅಕ್ಕಾ, ಗಡಿ ಕಡಿ ನಿಲ್ಲಗೊಡಲಿಲ್ಲರಿ, ಹೊಲದವರು ಬಡಿಗಿ ತಗೊಂಡ್ ಬಂದ್ರು. ಭಾಲ್ಕಿ ಕಡಿ ತಿರಗೇವಿ. ಇಲ್ಲಿ ಚಹಾದ ಅಂಗಡಿಯಾಗ ಮಾತುಕಟ್ಟಿ ಓದಿಸಿ ಕೇಳೀವಿ, ಜೋಡ ಗಣಿಯಾಗ ನೀರ ಅದಂತ. ನೀವೂ ಬರದೀರಲ್ಲ, ಅದಕs ಇವರು ಧೈರ್ಯ ಮಾಡ್ಯಾರ. ಇಡ್ತೇನಿ ಅಕ್ಕಾ, ಕುರಿ ಮುಂದ ಹೊಂಟಾವ.”

“ಸತ್ಯಮ್ಮ! ಸತ್ಯಮ್ಮ, ನಾ ಬರದದ್ದು...”

ಫೋನು ಇಟ್ಟಾಗಿತ್ತು. ಕೂಡಲೇ ಅದೇ ನಂಬರಿಗೆ ಹಚ್ಚಿದಳು. ಎತ್ತಿದವನು ಚಹಾದಂಗಡಿಯ ಚಾಂದ ಪಾಶಾ.

“ಹೋದ್ರಕ್ಕಾ, ಧೂಳ ಅಷ್ಟs ಕಾಣ್ಲತ್ತದ. ಗಣಿ ಇಲ್ಲಿಂದ ಎರಡು ತಾಸಿನ ಹಾದಿ. ಫಿಕೀರ್ ಮಾಡಬ್ಯಾಡ್ರಿ, ನಾನೇ ಓದಿ ಹೇಳೀನಿ, ನಿಮ್ಮದೂ ಓದೀನಿ.”

“ನಂದು ಏನಂತ ಓದಿದಿ? ಮತ್ತೊಮ್ಮೆ ಓದಪಾ.”

ಚಾಂದ ಪಾಶಾ ನಿಧಾನಕ್ಕೆ ಓದಿದ. “ಸೋಮವಾರ ನಾ ಓದಿದ್ದು ತಪ್ಪಾಗಿರಬಹುದು. ಮಚ್ಛೇಂದ್ರನ ಮಾತು ಮೇಲೆ ಇದೆ, ಅದನ್ನೇ ನಂಬಿರಿ. ಅನುಸೂಯಾಬಾಯಿ.”

ತನ್ನ ಹೆಸರು ಬೇರೆಯವರ ಬಾಯಿಯಲ್ಲಿ, ತಾನಾಡದ ಮಾತಿನ ಕೆಳಗೆ ಕೂತು ನಗುತ್ತಿತ್ತು.

“ಓಡಿ ಹೋಗಿ ಅವರ್ನ ತರುಬಪಾ, ನಿನ್ನ ಕಾಲ ಬೀಳ್ತೇನಿ. ಅದು ಖೋಟಾ ಅದ.”

“ಖೋಟಾ ಹ್ಯಾಂಗ ಅಕ್ಕಾ? ನಿಮ್ಮ ಹೆಸರ ಅದ.” ಗಿರಾಕಿಗೆ ಚಹಾ ಕೊಟ್ಟು ಮತ್ತೆ ಫೋನಿಗೆ ಬಂದ. “ಅಂಗಡಿ ಬಿಟ್ಟ್ ಹ್ಯಾಂಗ ಹೋಗ್ಲಿ? ಆ ಕಡಿ ಹೋಗೂ ಸೈಕಲ್‌ ಮೋಟಾರ್ ಯಾವುದರೆ ಬಂದ್ರ ಹೇಳಿ ಕಳಿಸ್ತೇನಿ.”

ನರಸಿಂಗನ ಫೋನು ಬಟನ್ನಿನದು, ಚಾರ್ಜು ಉಳಿಸಲು ದಿನಕ್ಕೊಮ್ಮೆ ಮಾತ್ರ ಚಾಲೂ ಮಾಡುತ್ತಿದ್ದ, ಹಚ್ಚಿದಾಗೆಲ್ಲ ಬಂದ್. ಅನುಸೂಯಾಬಾಯಿ ಮಾತುಕಟ್ಟೆಯಲ್ಲಿ ಮತ್ತೆ ಬರೆದಳು. ಈ ಸಲ ಅವಳ ಮಾತು ಮೇಲೆ ಬರಲೇ ಇಲ್ಲ. ‘ನಿಮ್ಮ ಬರಹ ಮಾಲಕರ ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಕಾಣಿಸಿ ನಿಂತಿತು. ಶಿವರಾಜಪ್ಪನವರಿಗೆ ಫೋನು ಮಾಡಿದಳು, ಗಂಟೆ ಬಾರಿಸಿ ಬಾರಿಸಿ ಸುಮ್ಮನಾಯಿತು.

ಭಾಲ್ಕಿಯ ಬಸ್ಸು ಮಧ್ಯಾಹ್ನಕ್ಕೆ. ಬೀದರಿನ ಬಸ್ಸು ಎದುರಿಗೇ ಗುರುಗುಡುತ್ತ ನಿಂತಿತ್ತು. ದಾರಿಯಲ್ಲಿ ಇನ್ನೊಂದು ಊರು ಸಿಕ್ಕರೆ ನರಸಿಂಗ ಮತ್ತೆ ಓದಿಸಿ ಕೇಳುವವನೇ. ಅಷ್ಟರೊಳಗೆ ಕಟ್ಟೆಯ ಮಾತು ಸರಿಯಾದರೆ ಸಾಕು. ಅವಳು ಬಸ್ಸು ಹತ್ತುವಾಗ ಸುಭದ್ರಾಬಾಯಿ ಕಿಟಕಿಯ ಕೆಳಗೆ ಬಂದು ನಿಂತಳು.

“ಬೀದರಿಗೇನು? ಆ ಶಿವರಾಜಪ್ಪಗ ನನ್ನ ಶರಣ ಹೇಳು. ವಾರ ವಾರ ನನ್ನ ಮಗನ ಸುದ್ದಿ ಮುಟ್ಟಸ್ತಾನ, ಪುಣ್ಯವಂತ.”

ಬಸ್ಸು ಹೊರಟಿತು. ಎರಡೂ ಕಡೆ ಹೊಲಗಳು ಸೀಳು ಬಿಟ್ಟು ಬಾಯಿ ತೆರೆದುಕೊಂಡಿದ್ದವು. ಒಂದು ಕಡೆ ರಸ್ತೆಗೆ ಅಡ್ಡ ಬಿದ್ದ ಕರುವನ್ನು ನಾಲ್ಕು ಜನ ಎಳೆಯುತ್ತಿದ್ದರು, ಡ್ರೈವರ್ ಗೇರು ಇಳಿಸಿ ಸುತ್ತಿ ಹೋದ, ಬಸ್ಸಿನೊಳಗೆ ಯಾರೂ ತಿರುಗಿ ನೋಡಲಿಲ್ಲ. ಅನುಸೂಯಾಬಾಯಿ ಸೋಮವಾರದ ಮಾತನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಕೂತಳು, ಜಪದ ಹಾಗೆ. ನೀರು, ಕನ್ನಡಿ, ಹಕ್ಕಿ. ಆಮೇಲೆ ಹಾರ್ನು. ಆಮೇಲೆ ಹನ್ನೊಂದು. ಪ್ರತಿ ಸಲವೂ ಹಾರ್ನಿನ ಜಾಗಕ್ಕೆ ಬಂದಾಗ ಬಾಯಿ ಖಾಲಿಯಾಗುತ್ತಿತ್ತು.

ಚಿದ್ರಿಯಲ್ಲಿ ಶಿವರಾಜಪ್ಪನವರ ಅಂಗಡಿ ತೆರೆದೇ ಇತ್ತು. ಐವತ್ತೈದರ ಸೌಮ್ಯ ಮುಖ, ಹಣೆಯಲ್ಲಿ ವಿಭೂತಿ, ಎದುರಿಗೆ ಒಂದು ಕಂಪ್ಯೂಟರು. ಅವಳನ್ನು ನೋಡಿ ಎದ್ದು ನಿಂತು, ಮೊದಲು ಮಡಕೆಯ ನೀರು ಕೊಟ್ಟರು.

“ಕುಡೀರಿ ಬಾಯಾರ. ಬಿಸಲಾಗ ಬಂದೀರಿ. ನಿಮ್ಮ ಫೋನ್ ನೋಡೀನ್ರಿ, ಪೂಜಾಕ ಕುಂತಿದ್ದೆ.”

ಅವಳು ನೀರು ಮುಟ್ಟಲಿಲ್ಲ. “ನನ್ನ ಹೆಸರಿನ ಕೆಳಗ ಮಾತ ಯಾರು ಹಾಕ್ಯಾರ್ರಿ?”

“ಹೆಸರಿನ ಮ್ಯಾಲ ಅನ್ರಿ,” ಎಂದು ನಕ್ಕರು. ಅವಳು ನಗದ್ದು ನೋಡಿ ಗಂಭೀರವಾದರು. “ನಾನೇ ಹಾಕೀನ್ರಿ. ಗಣಿ ಮಾಲಕರ ಮನಷ್ಯಾ ಮಂಗಳವಾರ ಫೋನ್ ಮಾಡಿದ್ದ. ನಮ್ಮ ನೀರಾಗ ವಿಷ ಅದ ಅಂತ ಬರೀತೀರಿ, ನಿಮ್ಮ ಮ್ಯಾಲ ಕೇಸ್ ಹಾಕ್ತೀವಿ ಅಂದ. ಬರದಾವ ಅಡವಿಯಾಗ ಇರ್ತಾನ, ಪೊಲೀಸರು ಬರೂದು ನನ್ನ ಬಾಗಲಿಗೆ. ಜಿಮ್ಮೇದಾರಿ ನಂದು. ಅದಕ ಜರಾ ಕತ್ರಿ ಆಡಸೀನಿ. ಸುಳ್ಳ ಒಂದೂ ಬರದಿಲ್ಲ ನೋಡ್ರಿ. ನೀರ ಕನ್ನಡಿ ಹಂಗ ಅದ ಅಂತ ಬರದಾವ ಅವನೇ.”

“ಹಕ್ಕಿ ಕುಂಡ್ರಂಗಿಲ್ಲ ಅಂತನೂ ಅವನೇ ಬರದಿದ್ದ.”

“ಅದನ್ನ ತಗದೀನಿ.”

“ನಂದು?”

“ನೀವು ಕಟ್ಟಿ ಮ್ಯಾಲs ಸಂಶಯ ಹಾಕಿದ್ರಿ. ಯಾರೋ ಬದಲ ಮಾಡ್ಯಾರ ಅಂದ್ರ ನಾಳಿ ಯಾರು ನಂಬ್ತಾರ ಕಟ್ಟಿನ? ಕಟ್ಟಿ ನಂದ್ರಿ ಬಾಯಾರ. ನನ್ನ ಮನಿ ಗ್ವಾಡಿ ಮ್ಯಾಲ ಯಾರರೆ ಕೆಟ್ಟ ಮಾತ ಬರದ್ರ ನಾ ಒರಸಬಾರದೇನು?”

“ಒರಸ್ರಿ. ಸುಣ್ಣ ಬಳೀರಿ. ಬಳದ ಜಾಗಾ ಬೆಳ್ಳಗ ಕಾಣ್ತದ, ಇಲ್ಲಿ ಏನೋ ಇತ್ತು ಅಂತ ಮಂದಿ ಕೇಳ್ತಾರ. ನೀವು ಒರಸಿಲ್ಲರಿ. ಅವನ ಬಾಯಾಗ ನಿಮ್ಮ ಮಾತ ಇಟ್ಟೀರಿ. ನನ್ನ ತಮ್ಮ ಆ ಮಾತ ನಂಬಿ ಹೆಂಡತಿನ, ಕುರಿನ ಕರಕೊಂಡು ಜೋಡ ಗಣಿಗೆ ಹೊಂಟಾನ. ಮುಂಜಾನಿ ಎಂಟಕ್ಕ ಹೊಂಟಾನ್ರಿ!”

ಶಿವರಾಜಪ್ಪನವರು ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ದಾಟಿತ್ತು. ಅವರ ಮುಖದ ಮೇಲಿನ ಸೌಮ್ಯತೆ ಅಲ್ಲೇ ಇತ್ತು, ಅದರ ಹಿಂದಿನ ಮನುಷ್ಯ ಮಾತ್ರ ಎದ್ದು ಎಲ್ಲಿಗೋ ಹೋದ ಹಾಗಾಯಿತು.

“ನಾ ಕೆಟ್ಟದ್ದಕ್ಕ ಮಾಡಿಲ್ಲರಿ,” ಎಂದರು. “ಎರಡು ವರ್ಷದಿಂದ ಮಾಡ್ಲತ್ತೀನಿ. ಮೊದ್ಲು ಕಾಗುಣಿತ ತಿದ್ದತಿದ್ದೆ. ಆಮ್ಯಾಲ ಜಾತಿ ಎತ್ತಿ ಬೈದಾಡಿದ್ರು, ಎರಡು ಮಾತ ಬದಲ ಮಾಡೀನಿ, ಜಗಳ ನಿಂತತು. ಎಲ್ಲಾರೂ ಛಲೋ ಆತು ಅಂದ್ರು. ನಿಮ್ಮ ಊರ ಮುದುಕಿ, ಸುಭದ್ರಾಬಾಯಿ, ಆಕಿ ಮಗಂದೂ...”

“ದತ್ತಾತ್ರಿದು ಏನು?”

“ಕಟ್ಟಡದ ಮ್ಯಾಲಿಂದ ಬಿದ್ದಾನ ಅಂತ ಬರದಿದ್ದ. ಮೂರು ತಿಂಗಳಾತು, ವಾರ ವಾರ ಅದನ್ನs ಬರೀತಾನ. ನಡಿಲಾಕ ಬರಂಗಿಲ್ಲ, ಯಾರರೆ ಬಂದು ಕರಕೊಂಡ್ ಹೋಗ್ರಿ ಅಂತ. ಮುದಕಿಗೆ ಯಾಕ ತ್ರಾಸ ಕೊಡೂದು ಅಂತ ನಾನೇ...”

ಅನುಸೂಯಾಬಾಯಿ ಕುರ್ಚಿಯ ಬೆನ್ನು ಹಿಡಿದಳು. ಹುಣಸೆಮರದ ಕೆಳಗೆ ತಾನು ಓದಿದ ಎರಡು ವರ್ಷದ ಮಾತುಗಳು ಒಂದೊಂದಾಗಿ ಎದ್ದು ಮುಖ ತಿರುವಿ ನಿಂತ ಹಾಗಾಯಿತು. ಯಾವುದು ಯಾರದು? ಆರಾಮದೀನಿ ಎಂದವರಲ್ಲಿ ಯಾರು ಆರಾಮ ಇದ್ದರು? ಊಟ ಛಲೋ ಅದ ಎಂದು ಎಷ್ಟು ಸಲ ಓದಿದ್ದಳು, ಕೇಳಿ ಕೇಳಿ ಓದಿಸಿಕೊಂಡಿದ್ದಳು ಮುದುಕಿ. ಬರೆದವರು ಇವರು, ಬಾಯಿ ಅವಳದು. ಪ್ರತಿ ಸಲವೂ ಕೈ ಎದೆಗೆ ಹೋಗಿತ್ತು.

“ಮೊದ್ಲು ಮಚ್ಛೇಂದ್ರಂದು ಸರಿ ಮಾಡ್ರಿ,” ಎಂದಳು. “ಇದ್ದಂಗ ಹಾಕ್ರಿ. ಈಗs.”

ಶಿವರಾಜಪ್ಪನವರು ಕೂತು ಏನೋ ಒತ್ತಿದರು. ಮತ್ತೆ ಒತ್ತಿದರು. “ಹಳೀದು ಇಲ್ಲರಿ,” ಎಂದರು ತಿರುಗದೆ. “ತಿದ್ದಿದ ಮ್ಯಾಲ ಹಳೀದು ಉಳ್ಯಂಗಿಲ್ಲ. ನಾ ಬರದೂ ಇಟ್ಟಿಲ್ಲ. ಏನಿತ್ತು ಅಂತ ನಂಗೂ...” ಕೀಲಿಮಣೆಯ ಮೇಲೆ ಬೆರಳು ಇಟ್ಟು ಕಾದರು. “ನಿಮಗ ನೆನಪದೇನು?”

ಅವಳು ಕಣ್ಣು ಮುಚ್ಚಿದಳು. ಅಪ್ಪನ ಮುಂದೆ ಕೂತು ಪದ ಒಪ್ಪಿಸುತ್ತಿದ್ದ ಹಾಗೆ ನೆಟ್ಟಗೆ ನಿಂತು ಹೇಳಿದಳು. “ಭಾಲ್ಕಿ ಕಡಿ ಹೊಂಟ ಕುರಿಯವರಿಗೆ. ಜೋಡ ಗಣಿಯಾಗ ನೀರ ನಿಂತದ. ನೀರ ನೋಡ್ಲಾಕ ಕನ್ನಡಿ ಹಂಗ ಅದ, ಖರೆ ಅದರ ಮ್ಯಾಲ ಹಕ್ಕಿ ಕುಂಡ್ರಂಗಿಲ್ಲ.”

ಬೆರಳುಗಳು ಟಕಟಕ ಓಡಿ ನಿಂತವು. “ಮುಂದ?”

“ಮುಂದಿಂದು ಜಾಗಾ ಬಿಡ್ರಿ.”

“ಯಾಕ?”

“ಟ್ಯಾಂಕರ್ ಬಂದಿತ್ತು. ಕೇಳಿಲ್ಲ. ಆಮ್ಯಾಲ ಬರೀರಿ, ನನ್ನವು ಹನ್ನೊಂದು ಹೋದವು. ಯಾರೂ ಆ ಕಡಿ ಕುರಿ ಹೊಡೀಬ್ಯಾಡ್ರಿ.”

“ನಡುವ ಜಾಗಾ ಬಿಟ್ರ ಚಂದ ಕಾಣಂಗಿಲ್ಲರಿ. ‘ನೀರು ಕುಡಿದರೆ ಸಾಯುತ್ತವೆ’ ಅಂತ ಹಾಕ್ಲೇನು? ಅರ್ಥ ಅದs ಅಲ್ಲೇನು?”

“ಬ್ಯಾಡ್ರಿ.” ಅವಳು ಕಣ್ಣು ತೆರೆದಳು. “ಅವ ಏನಂದಿದ್ದನೋ ಅವಂಗೆ ಗೊತ್ತು. ಖಾಲಿ ಬಿಡ್ರಿ.”

ಅವರು ಖಾಲಿ ಬಿಟ್ಟರು. ಪರದೆಯ ಮೇಲೆ ಎರಡು ಮಾತುಗಳ ನಡುವೆ ಒಂದು ಬಿಳಿ ಪಟ್ಟಿ ನಿಂತಿತು. ಹೊರಗೆ ಯಾರೋ ತಗಡಿನ ಡಬ್ಬ ಎಳೆದುಕೊಂಡು ಹೋದರು. ಆಗ ಅವಳ ಮೊಬೈಲು ರಿಂಗಣಿಸಿತು. ನರಸಿಂಗ.

“ಅಕ್ಕಾ!” ಅವನ ದನಿಯಲ್ಲಿ ಎಷ್ಟೋ ದಿನದ ಮೇಲಿನ ನಗು ಇತ್ತು. “ನೀರ ಸಿಕ್ತು ನೋಡು. ಏನ್ ನೀರು ಅಂತಿ! ತಳಾ ಕಾಣ್ತದ. ನೀ ಬರದದ್ದು ಕೇಳಿ ಬಂದೇವಿ. ನಿನ್ನ ಹೆಸರ ಕೇಳಿದ ಮ್ಯಾಲ ಇವಳೂ ಸುಮ್ಮ ಆದ್ಲು. ಹಾದ್ಯಾಗ ಒಬ್ಬಾವ ಮೋಟಾರ್ ಸೈಕಲ್‌ ಮ್ಯಾಲ ಬಂದು ಹೋಗಬ್ಯಾಡ್ರಿ ಅಂದ, ಕುರಿ ಕದಿಯೂ ಮಂದಿ ಇರಬೇಕಂತ ಬೈದು ಕಳಸೀನಿ.”

“ಕುರಿ ಕುಡದಾವೇನೋ?”

“ಕುಡೀಲಾರದ ಬಿಡ್ತಾವೇನು? ತಾಸ ಆತು. ಹೊಟ್ಟಿ ತುಂಬ ಕುಡದು ಆರಾಮ ಕುಂತಾವ. ಎಲ್ಲಾನೂ ಕುಂತಾವ ಅಕ್ಕಾ, ಒಂದೂ ಅಡ್ಡಾಡವಲ್ಲದು.”

“ಒಂದನ್ನ ಎಬ್ಬಸು.”

“ಮಲಗಲಿ ಬಿಡು, ನಾಕ ದಿನ ನಡದಾವ.”

“ನರಸಿಂಗ, ಎಬ್ಬಸು ಅಂದೆ!”

ಅವನು ಹೋದ ಸದ್ದು ಕೇಳಿಸಿತು. ಹೊಯ್ ಹೊಯ್ ಎಂದ. ಬಡಿಗೆಯಿಂದ ನೆಲ ಬಡಿದ. ಮತ್ತೆ ಬಡಿದ. ಕುರಿಯ ಕೊರಳಿನ ಗಂಟೆ ಒಂದೂ ಅಲ್ಲಾಡಲಿಲ್ಲ. ಮರಳಿ ಬಂದಾಗ ಅವನ ದನಿಯಲ್ಲಿ ನಗು ಇರಲಿಲ್ಲ.

“ಅಕ್ಕಾ... ಕುಂತ ಕುರಿ ಏಳವಲ್ಲವು.”

ಅನುಸೂಯಾಬಾಯಿ ಮೊಬೈಲನ್ನು ಕಿವಿಗೆ ಒತ್ತಿಕೊಂಡಳು. ಹಾರ್ನಿನ ಒಳಗಿಂದ, ಸೋಮವಾರದ ಧೂಳಿನೊಳಗಿಂದ, ತನ್ನದೇ ಬಾಯಿ ಆಡಿದ ಸಾಲು ಈಗ ಕಿವಿಗೆ ಬಂದು ಮುಟ್ಟಿತು. ಕುಡದ ಕುರಿ ಕುಂಡರ್ತಾವ, ಕುಂತ ಕುರಿ ಏಳಂಗಿಲ್ಲ.

“ಸತ್ಯಮ್ಮ ಎಲ್ಲಿ? ನೀವು ಕುಡದೀರೇನು?”

“ನಾ ಇನ್ನಾ ಇಲ್ಲ. ಚೀಲದಾಗಿನ ಬಾಟ್ಲ್ಯಾಗ ಚಹಾದಂಗಡಿ ನೀರ ಉಳದಿತ್ತು. ಇವಳು ಕೊಡ ತಗೊಂಡು ಕೆಳಗ ಇಳದಾಳ...”

“ಓಡು! ಬಾಯಿಗೆ ಹಚ್ಚಗೊಡಬ್ಯಾಡ, ಓಡು!”

ಫೋನು ಅವನ ಕೈಯಲ್ಲೇ ಓಡಿತು. ಉಸಿರು, ಕಲ್ಲು ಜಾರುವ ಸದ್ದು, ಸತ್ಯಮ್ಮ ಸತ್ಯಮ್ಮ ಎಂಬ ಕೂಗು. ಆಮೇಲೆ ಹಿತ್ತಾಳೆಯ ಕೊಡ ಕಲ್ಲಿನಿಂದ ಕಲ್ಲಿಗೆ ಉರುಳುತ್ತ ಕೆಳಗೆ ಕೆಳಗೆ ಹೋಗುವ ಸದ್ದು, ಬಹಳ ಹೊತ್ತು. ಒಂದು ಹೆಣ್ಣು ದನಿ ಸಿಟ್ಟಿನಿಂದ, “ಏನ್ರಿ ಇದು, ಹುಚ್ಚ ಹಿಡದದೇನು? ಇನ್ನಾ ಗುಟಕ ಕುಡದಿಲ್ಲ...” ಎಂದಿತು. ಅದು ಕೇಳಿದ ಮೇಲೆ ಅನುಸೂಯಾಬಾಯಿ ಕುರ್ಚಿಯಲ್ಲಿ ಕೂತಳು. ಮೊಬೈಲಿನಲ್ಲಿ ಸತ್ಯಮ್ಮನ ಸಿಟ್ಟು ನಿಧಾನಕ್ಕೆ ಕರಗಿ, ಕುರಿಗಳ ಒಂದೊಂದರ ಹೆಸರು ಹಿಡಿದು ಕರೆಯುವ ಕೂಗಾಯಿತು. ಯಾವುದೂ ಓಗೊಡಲಿಲ್ಲ.

ಶಿವರಾಜಪ್ಪನವರು ಎಲ್ಲ ಕೇಳಿಸಿಕೊಂಡಿದ್ದರು. ವಿಭೂತಿಯ ಮೇಲಿಂದ ಬೆವರು ಇಳಿದು ಬಿಳಿಯ ಗೆರೆ ಮಾಡಿತ್ತು. ತೊದಲುತ್ತ, “ಮೂರನೇ ಸಾಲ... ಸಿಕ್ಕತೇನ್ರಿ?” ಎಂದರು.

“ಸಿಕ್ಕತು.” ಅವಳು ಹೇಳಿದಳು. ಅವರು ಬರೆದರು. ಬಿಳಿ ಪಟ್ಟಿ ತುಂಬಿತು. ಕೆಳಗೆ ಮಚ್ಛೇಂದ್ರ ಎಂಬ ಹೆಸರು, ಎಂದಿನ ಹಾಗೆ, ತಾನೇ ಕೂತಿತ್ತು.

“ಈಗ ಇನ್ನೊಂದು ಬರೀರಿ,” ಎಂದಳು. “ಹೊಸಾದು. ಮಚ್ಛೇಂದ್ರನ ಮಾತ, ಅನುಸೂಯಾಬಾಯಿ ಮಾತ, ದತ್ತಾತ್ರಿ ಮಾತ ನಾ ಬದಲ ಮಾಡೀನಿ. ಎರಡು ವರ್ಷದಾಗ ಇನ್ನಾ ಯಾರ್ಯಾರದು ಮಾಡೀನೋ ಅವರ ಹೆಸರೂ ಬರೀರಿ, ನೆನಪಿದ್ದಷ್ಟು. ನೆನಪಿಲ್ಲದಲ್ಲಿ ಜಾಗಾ ಬಿಡ್ರಿ.”

“ಯಾರ ಹೆಸರಿನ್ಯಾಗ ಹಾಕ್ಲಿ?” ಎಂದರು ಅವರು, ರೂಢಿಯ ಹಾಗೆ. ಕೇಳಿದ ಮೇಲೆ ತಾವೇ ಬೆಚ್ಚಿದರು. ಮಾತುಕಟ್ಟೆ ಕಟ್ಟಿದ ದಿನದಿಂದ ಆ ಕಟ್ಟೆಯ ಮೇಲೆ ಶಿವರಾಜಪ್ಪ ಎಂಬ ಹೆಸರಿನಲ್ಲಿ ಒಂದು ಮಾತೂ ಬಂದಿರಲಿಲ್ಲ.

ಅನುಸೂಯಾಬಾಯಿಯ ತೊಡೆಯ ಮೇಲಿನ ಮೊಬೈಲು ಇನ್ನೂ ಚಾಲೂ ಇತ್ತು. ಅದರೊಳಗಿಂದ ಸತ್ಯಮ್ಮ ಕರೆಯುತ್ತಲೇ ಇದ್ದಳು. ಸಂಜೆಯ ಬಸ್ಸಿಗೆ ಸಂತಪುರಕ್ಕೆ ಮರಳಬೇಕು, ಹುಣಸೆಮರಕ್ಕೆ ಬೆನ್ನು ಕೊಟ್ಟು ಸುಭದ್ರಾಬಾಯಿ ಕಾಯುತ್ತಿರುತ್ತಾಳೆ, ನನ್ನ ಮಗಂದು ಮೊದ್ಲು ಓದು ಎನ್ನುತ್ತಾಳೆ. ಶಿವರಾಜಪ್ಪನವರ ಬೆರಳುಗಳು ಕೀಲಿಮಣೆಯಿಂದ ಒಂದು ಅಂಗುಲ ಮೇಲೆ ನಿಂತಿದ್ದವು. ಅವಳು ಎದುರಿಗೆ ಕೂತು ಕಾದಳು.